ಸೊಪ್ಪು ಸೊಂಪಾಗಿದೆ, ಗಡ್ಡೆ ಮಾತ್ರ ಇಲ್ಲ: ಹಿತ್ತಲಲ್ಲಿ ಆಲೂಗಡ್ಡೆ ಬೆಳೆಯಲು ಸಮಗ್ರ ಮಾರ್ಗದರ್ಶಿ

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿ ಕಡೆ ಆಲೂಗಡ್ಡೆ ಹೊಸ ಬೆಳೆಯೇನಲ್ಲ. ಎಲೆಕೋಸು, ಬೆಳ್ಳುಳ್ಳಿ ಹಾಕುವ ಹೊಲಗಳಲ್ಲೇ ಅದೂ ಬರುತ್ತದೆ. ಆದರೂ ಹಿತ್ತಲಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ಹಾಕಿದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಕಥೆ. ಗಿಡ ಮೊಳಕಾಲೆತ್ತರ ಬಂತು, ಸೊಪ್ಪು ಕಡುಹಸಿರಾಗಿ ಸೊಂಪಾಗಿತ್ತು, ಅಗೆದು ನೋಡಿದರೆ ಗೋಲಿ ಗಾತ್ರದ ನಾಲ್ಕು ಗಡ್ಡೆ. ಇನ್ನು ಕೆಲವರಿಗೆ ಗಿಡವೇ ಬರಲಿಲ್ಲ, ಬೀಜ, ಅಂದರೆ ನೆಟ್ಟ ಗಡ್ಡೆ, ಮಣ್ಣಲ್ಲೇ ಕೊಳೆತು ಹೋಯಿತು.

ಇದಕ್ಕೆ ಕಾರಣ ಆರೈಕೆ ಕಡಿಮೆಯಾದದ್ದಲ್ಲ. ಬಹಳ ಸಲ ಆರೈಕೆ ಜಾಸ್ತಿಯಾಗಿರುತ್ತದೆ, ಅದೂ ತಪ್ಪು ಹೊತ್ತಿನಲ್ಲಿ. ಯಾವ ತಿಂಗಳು ನೆಟ್ಟಿರಿ, ಎಂಥ ಬೀಜ ತಂದಿರಿ, ಅದರ ಮೊಳಕೆ ಹೇಗಿತ್ತು ಎಂಬುದರಲ್ಲೇ ಫಸಲಿನ ಬಹುಪಾಲು ತೀರ್ಮಾನವಾಗಿ ಹೋಗಿರುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಸೊಪ್ಪು ಬೆಳೆಯುತ್ತದೆ, ಗಡ್ಡೆಯಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಬೇಡಿ.

ಮೊದಲು ಗಡ್ಡೆ ಎಲ್ಲಿ ಬರುತ್ತದೆ ಅಂತ ತಿಳಿದುಕೊಳ್ಳಿ

ಆಲೂಗಡ್ಡೆ ಬೇರಿನಲ್ಲಿ ಬರುವುದಿಲ್ಲ. ನೆಟ್ಟ ಬೀಜದ ಮೇಲ್ಗಡೆ, ಮಣ್ಣಿನೊಳಗೆ ಮುಚ್ಚಿರುವ ಕಾಂಡದಿಂದ ಬೆಳ್ಳಗಿನ ಎಳೆ ಬಳ್ಳಿಗಳು ಅಡ್ಡಕ್ಕೆ ಹರಿಯುತ್ತವೆ. ಆ ಬಳ್ಳಿಯ ತುದಿ ಊದಿಕೊಂಡದ್ದೇ ಗಡ್ಡೆ. ಈ ಬಳ್ಳಿಗೆ ಬೆಳಕು ತಗುಲಿದರೆ ಅದು ಗಡ್ಡೆ ಕಟ್ಟುವುದು ಬಿಟ್ಟು ಮೇಲೆದ್ದು ಎಲೆ ಬಿಡುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಹರಿಯುವುದೇ ಇಲ್ಲ. ರಾತ್ರಿ ಸೆಕೆಯಾಗಿದ್ದರೆ ಎಲೆ ತಯಾರಿಸಿದ ಆಹಾರ ಕೆಳಗೆ ಇಳಿಯದೆ ಸೊಪ್ಪಿಗೇ ಹೋಗುತ್ತದೆ. ಮುಂದೆ ಹೇಳುವ ಎಲ್ಲ ಕೆಲಸವೂ ಈ ಎಳೆ ಬಳ್ಳಿಗಾಗಿ.

ಬೇಕಾದ ಸಾಮಾನು

ಗುದ್ದಲಿ, ಕಳೆ ತೆಗೆಯಲು ಒಂದು ಕುಡ್ಲು, ಹಗ್ಗ ಮತ್ತು ಎರಡು ಗೂಟ, ಮಂಕರಿ, ಹಳೆ ಮೊಟ್ಟೆ ಟ್ರೇ ಎರಡು ಮೂರು, ಗೋಣಿಚೀಲ, ಕೈಪಂಪು. ಬೀಜ ಕತ್ತರಿಸುವ ಯೋಚನೆ ಇದ್ದರೆ ಎರಡು ಚಾಕು. ಒಂದೇ ಚಾಕು ಯಾಕೆ ಸಾಲದು ಅಂತ ಮುಂದೆ ಗೊತ್ತಾಗುತ್ತದೆ.

ಲೆಕ್ಕವನ್ನೆಲ್ಲ ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ ಕೊಟ್ಟಿದ್ದೇನೆ. ಅಷ್ಟು ಜಾಗಕ್ಕೆ 4 ಕೆಜಿ ಬೀಜ ಸಾಕು. ಎಲ್ಲ ಸರಿಯಾಗಿ ನಡೆದರೆ 15ರಿಂದ 20 ಕೆಜಿ ಗಡ್ಡೆ ನಿರೀಕ್ಷಿಸಬಹುದು.

ಹಂತ 1: ತಿಂಗಳು ಗೊತ್ತು ಮಾಡುವುದು

ಗಡ್ಡೆ ಕಟ್ಟಲು ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಇರಬೇಕು. ಅದಕ್ಕಿಂತ ಮೇಲೆ ಹೋದ ಹಾಗೆಲ್ಲ ಗಡ್ಡೆ ಕುಗ್ಗುತ್ತದೆ. ಮಣ್ಣೇ 30 ಡಿಗ್ರಿ ಮುಟ್ಟಿದರೆ ಗಡ್ಡೆ ಕಟ್ಟುವುದು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ನೆಟ್ಟ ಮೇಲೆ ನಾಲ್ಕರಿಂದ ಹತ್ತನೇ ವಾರದವರೆಗಿನ ರಾತ್ರಿಗಳೇ ಮುಖ್ಯ. ಹಾಗಾಗಿ ಹಿಂದಕ್ಕೆ ಎಣಿಸಬೇಕು. ನಮ್ಮಲ್ಲಿ ಒಳ್ಳೆ ಚಳಿ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ. ಹಾಗಾದರೆ ನೆಡಬೇಕಾದದ್ದು ನವೆಂಬರ್‌ನಲ್ಲಿ.

ದೀಪಾವಳಿ ಕಳೆದು ಹಿಂಗಾರಿನ ಜೋರು ಮಳೆ ತಗ್ಗಿದ ಮೇಲೆ ನೆಡಿ. ಸಂಕ್ರಾಂತಿ ಹೊತ್ತಿಗೆ ಗಡ್ಡೆ ಊದುತ್ತಿರುತ್ತದೆ, ಶಿವರಾತ್ರಿ ಆಸುಪಾಸಿಗೆ ಕೀಳಬಹುದು. ಜನವರಿಗೆ ತಳ್ಳಿದರೆ ಗಡ್ಡೆ ಕಟ್ಟುವ ಹೊತ್ತಿಗೆ ಬಿಸಿಲು ಬಂದುಬಿಡುತ್ತದೆ. ಸೊಪ್ಪು ಮಾತ್ರ ಬಂತು ಅನ್ನುವವರ ದೊಡ್ಡ ತಪ್ಪು ಇದೇ.

ಹೊಲದವರು ಮೇ ಕೊನೆ, ಜೂನ್‌ನಲ್ಲಿ ಮುಂಗಾರಿಗೆ ಹಾಕುತ್ತಾರೆ ಅಲ್ವಾ ಅಂತ ಕೇಳಬಹುದು. ಹಾಕುತ್ತಾರೆ, ಬೆಳೆಯೂ ಬರುತ್ತದೆ. ಆದರೆ ಮೋಡ, ತುಂತುರು, ಎಲೆ ಸುಡುವ ಅಂಗಮಾರಿ ರೋಗ ಮೂರೂ ಒಟ್ಟಿಗೆ ಬರುವ ಕಾಲ ಅದು. ವಾರಕ್ಕೊಮ್ಮೆ ಔಷಧಿ ಹೊಡೆಯುವ ತಯಾರಿ ಇರಬೇಕು. ಮೊದಲ ಸಲ ಮಾಡುವವರು ನವೆಂಬರ್‌ಗೇ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತಳಿ ಊರು, ಡೆಂಕಣಿಕೋಟೆ ಕಡೆಯವರಿಗೂ ಇದೇ ಲೆಕ್ಕ ಹೊಂದುತ್ತದೆ. ಮಡಕಶಿರಾ, ರಾಯದುರ್ಗ, ಅಕ್ಕಲಕೋಟೆ, ಜತ್ತ ಕಡೆ ಇರುವವರಿಗೆ ನವೆಂಬರ್ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಬೇಗ ಬಲಿಯುವ ತಳಿಯೇ ಬೇಕು. ಕಾಸರಗೋಡಿನವರಿಗೆ ನೇರವಾಗಿ ಹೇಳುತ್ತೇನೆ: ಕರಾವಳಿಯಲ್ಲಿ ಡಿಸೆಂಬರ್ ರಾತ್ರಿಯೂ ಆಲೂಗಡ್ಡೆಗೆ ಬೇಕಾದಷ್ಟು ತಂಪಾಗುವುದಿಲ್ಲ. ಅದೇ ಶ್ರಮವನ್ನು ಸಾಂಬ್ರಾಣಿ ಗಡ್ಡೆಗೋ ಗೆಣಸಿಗೋ ಹಾಕಿದರೆ ಮಂಕರಿ ತುಂಬುತ್ತದೆ.

ಹಂತ 2: ಬೀಜ

ಅಂಗಡಿಯಿಂದ ಅಡುಗೆಗೆ ತಂದ ಆಲೂಗಡ್ಡೆಯನ್ನೇ ಹೂಳುವುದು ಎಲ್ಲರೂ ಮಾಡುವ ಕೆಲಸ. ಅದರಲ್ಲಿ ಮೂರು ತೊಂದರೆ ಇದೆ. ಹೊಸದಾಗಿ ಕಿತ್ತ ಗಡ್ಡೆಯಾದರೆ ಸುಮಾರು ಎರಡು ತಿಂಗಳು ಅದು ನಿದ್ದೆಯಲ್ಲಿರುತ್ತದೆ, ಏನು ಮಾಡಿದರೂ ಮೊಳೆಯುವುದಿಲ್ಲ. ಶೈತ್ಯಾಗಾರದ ಮಾಲಾದರೆ ಕೆಲವಕ್ಕೆ ಮೊಳಕೆ ಬಾರದ ಹಾಗೆ ಸಿಐಪಿಸಿ ಎಂಬ ಔಷಧಿ ಕೊಟ್ಟಿರುತ್ತಾರೆ. ಮೂರನೆಯದು ಇನ್ನೂ ದೊಡ್ಡದು. ಆ ಗಡ್ಡೆ ಎಂಥ ಹೊಲದಿಂದ ಬಂತು, ಯಾವ ರೋಗ ಹೊತ್ತು ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ತಾಳವಾಡಿಯವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಒಂದಿದೆ. ಮೇಟ್ಟುಪಾಳ್ಯಂ ಮಂಡಿ ಮೂಲಕ ಊಟಿ ಆಲೂಗಡ್ಡೆ ನಮ್ಮ ಕಡೆಯೂ ಬರುತ್ತದೆ. ಕೆಮ್ಮಣ್ಣು ಅಂಟಿಕೊಂಡಿರುವ ಆ ಗಡ್ಡೆಗೆ ರುಚಿ ಚೆನ್ನಾಗಿದೆ, ತಿನ್ನಿ. ಆದರೆ ನೆಡಬೇಡಿ. ನೀಲಗಿರಿಯ ಆಲೂ ಹೊಲಗಳಲ್ಲಿ 1961ರಲ್ಲಿ ಒಂದು ಜಾತಿಯ ಜಂತುಹುಳು ಪತ್ತೆಯಾಯಿತು. ಬೇರಿಗೆ ಅಂಟಿ ಸಾಸಿವೆಗಿಂತ ಚಿಕ್ಕ ಹಳದಿ, ಕಂದು ಗುಳ್ಳೆಯಾಗಿ ಕೂರುತ್ತದೆ. ಒಂದೊಂದು ಗುಳ್ಳೆಯೊಳಗೆ ನೂರಾರು ಮೊಟ್ಟೆ. ಆಲೂಗಡ್ಡೆ ಇಲ್ಲದಿದ್ದರೂ ಆ ಮೊಟ್ಟೆಗಳು ಎಷ್ಟೋ ವರ್ಷ ಮಣ್ಣಲ್ಲಿ ಜೀವಂತ ಇರುತ್ತವೆ. ಅದಕ್ಕೇ ನೀಲಗಿರಿಯಿಂದ ಬಿತ್ತನೆ ಗಡ್ಡೆ ಹೊರಗೆ ಹೋಗಬಾರದು ಅಂತ ನಿರ್ಬಂಧ ಹಾಕಿದ್ದು. ಆ ಗಡ್ಡೆ ತೊಳೆದ ಮಣ್ಣು ನೀರನ್ನೂ ಮಡಿಗೆ ಚೆಲ್ಲಬೇಡಿ. ಒಮ್ಮೆ ಬಂದರೆ ಹಿತ್ತಲಿಂದ ಅದನ್ನು ಓಡಿಸುವುದು ಸುಲಭವಲ್ಲ.

ಹಾಗಾದರೆ ಎಲ್ಲಿಂದ ತರಬೇಕು? ಬಿತ್ತನೆಗೆಂದೇ ಮಾರುವ ಗಡ್ಡೆ ತನ್ನಿ. ನಮ್ಮ ಭಾಗಕ್ಕೆ ಬರುವ ಬಿತ್ತನೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯದು. ಹಾಸನದ ವ್ಯಾಪಾರಿಗಳಲ್ಲಿ ಸಿಗುತ್ತದೆ. ನಾಲ್ಕು ಕೆಜಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಊರಲ್ಲಿ ಆಲೂ ಹಾಕುವ ರೈತರೊಬ್ಬರನ್ನು ಮೊದಲೇ ಮಾತಾಡಿಸಿ, ಅವರ ಚೀಲದಿಂದ ಕೊಂಡುಕೊಳ್ಳಿ. ಹಾಸನದ ಕಡೆ ಕೆಲವು ನರ್ಸರಿಗಳಲ್ಲಿ ಕಾಂಡದ ತುದಿಗೆ ಬೇರು ಬರಿಸಿದ ಆಲೂ ಸಸಿಯೂ ಸಿಗುತ್ತದೆ. ರೋಗದ ಭಯ ಕಡಿಮೆ, ಹಿತ್ತಲಿಗೆ ಚೆನ್ನಾಗಿ ಒಗ್ಗುತ್ತದೆ.

ತಳಿ: ಎಲ್ಲ ಕಡೆ ಸಿಗುವುದು ಕುಫ್ರಿ ಜ್ಯೋತಿ. 90ರಿಂದ 110 ದಿನದ ಬೆಳೆ, ತಾಳವಾಡಿ ಹವೆಗೆ ಸರಿ. ಸ್ವಲ್ಪ ಸೆಕೆ ಇರುವ ಊರಾದರೆ ಕುಫ್ರಿ ಸೂರ್ಯ ಹುಡುಕಿ. ಸೆಕೆ ತಡೆಯಲೆಂದೇ ಬೆಳೆಸಿದ ತಳಿ ಅದು, ಬೇಗ ಬಲಿಯುತ್ತದೆ ಕೂಡ.

ಕೋಳಿಮೊಟ್ಟೆ ಗಾತ್ರದ, 40ರಿಂದ 50 ಗ್ರಾಂ ತೂಗುವ ಇಡೀ ಗಡ್ಡೆ ಆರಿಸಿ. ತಂದ ದಿನ ಯಾವುದಾದರೂ ಎರಡು ಗಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಸಿಪ್ಪೆಯ ಒಳಗೆ ಕಾಲು ಇಂಚು ಬಿಟ್ಟು ಕಂದು ಬಣ್ಣದ ಉಂಗುರ ಕಾಣುತ್ತಿದೆಯಾ? ಹಿಸುಕಿದರೆ ಆ ಉಂಗುರದಿಂದ ಕೀವಿನಂಥ ಹನಿ ಬರುತ್ತಿದೆಯಾ? ಹಾಗಿದ್ದರೆ ಅದು ಸೊರಗು ರೋಗ. ಆ ಚೀಲದ ಒಂದು ಗಡ್ಡೆಯೂ ಮಣ್ಣಿಗೆ ಹೋಗಬಾರದು.

ಹಂತ 3: ಮೊಳಕೆ ಬರಿಸುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಶೈತ್ಯಾಗಾರದಿಂದ ಬಂದ ಗಡ್ಡೆಯನ್ನು ಅದೇ ದಿನ ನೆಟ್ಟರೆ ಅದು ಬೆವೆತು ಕೊಳೆಯುತ್ತದೆ. ಚೀಲ ಬಿಚ್ಚಿ ನೆರಳಲ್ಲಿ ಹರಡಿ. ಒಂದು ದಿನ ಕಳೆದ ಮೇಲೆ ಮೊಟ್ಟೆ ಟ್ರೇಗೆ ಒಂದೊಂದೇ ಜೋಡಿಸಿ, ಕಣ್ಣು (ಮೊಳಕೆ ಹೊರಡುವ ಸಣ್ಣ ಗುಳಿ) ಜಾಸ್ತಿ ಇರುವ ತುದಿ ಮೇಲಕ್ಕೆ ಬರಲಿ.

ಟ್ರೇ ಇಡುವ ಜಾಗ ಮುಖ್ಯ. ಪಡಸಾಲೆ, ಕಿಟಕಿ ಪಕ್ಕ, ಬೆಳಕು ಇದ್ದು ಬಿಸಿಲು ಬೀಳದ ಜಾಗ ಬೇಕು. ಕತ್ತಲ ಕೋಣೆಯಲ್ಲಿ ಇಟ್ಟರೆ ಮೊಳಕೆ ಬೆಳ್ಳಗೆ, ಬೆರಳುದ್ದ ಬೆಳೆದು ನೆಡುವಾಗ ಮುರಿದು ಬೀಳುತ್ತದೆ. ಬೆಳಕಲ್ಲಿ ಬಂದದ್ದು ಗಿಡ್ಡಗೆ, ದಪ್ಪಗೆ, ಹಸಿರು ಅಥವಾ ನೇರಳೆ ಬಣ್ಣದಲ್ಲಿರುತ್ತದೆ. ಅರ್ಧದಿಂದ ಒಂದು ಸೆಂಟಿಮೀಟರ್ ಬಂದಾಗ ನೆಡಿ. ಇದಕ್ಕೆ ಹತ್ತು ದಿನ ಬೇಕು, ಚಳಿ ಇದ್ದರೆ ಇನ್ನೊಂದು ವಾರ.

ಒಂದೇ ಮೊಳಕೆ ತುದಿಯಲ್ಲಿ ಬಂದಿದ್ದರೆ ಅದನ್ನು ಚಿವುಟಿ ಹಾಕಿ. ಉಳಿದ ಕಣ್ಣುಗಳೂ ಎಚ್ಚರವಾಗುತ್ತವೆ, ಗಿಡಕ್ಕೆ ಮೂರು ನಾಲ್ಕು ಕಾಂಡ ಬರುತ್ತದೆ. ಕೂದಲೆಳೆಯಂಥ ಸಣ್ಣ ಮೊಳಕೆ ಬಂದ ಗಡ್ಡೆ ಕಂಡರೆ ಬಿಸಾಡಿ, ಅದು ವೈರಸ್ ಇರುವ ಲಕ್ಷಣ.

ಕತ್ತರಿಸಿ ನೆಡಬಹುದಾ? ಗಡ್ಡೆ ದೊಡ್ಡದಿದ್ದರೆ ಮಾತ್ರ. ಪ್ರತಿ ಹೋಳಿಗೂ ಎರಡು ಮೂರು ಕಣ್ಣು, ಕಡಿಮೆಯೆಂದರೂ 30 ಗ್ರಾಂ ತೂಕ ಇರಬೇಕು. ಒಂದು ಗಡ್ಡೆ ಕತ್ತರಿಸಿದ ಚಾಕುವನ್ನು ಕುದಿನೀರಲ್ಲಿ ಅದ್ದಿಟ್ಟು ಇನ್ನೊಂದು ಚಾಕು ತೆಗೆದುಕೊಳ್ಳಿ. ಸೊರಗು ರೋಗ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾಟುವುದು ಚಾಕುವಿನಲ್ಲೇ. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಎಂಬ ಬೂಷ್ಟು ತಡೆಯುವ ಔಷಧಿ ಕಲಸಿ ಹೋಳುಗಳನ್ನು ಹತ್ತು ನಿಮಿಷ ಅದ್ದಿ, ನೆರಳಲ್ಲಿ ಎರಡು ದಿನ ಆರಿಸಿ. ಕತ್ತರಿಸಿದ ಮುಖ ಒಣಗಿ ಚರ್ಮದ ಹಾಗೆ ಗಟ್ಟಿಯಾಗಬೇಕು. ಹಸಿ ಹೋಳು ನೆಟ್ಟರೆ ಕೊಳೆಯುತ್ತದೆ.

ಹಂತ 4: ಮಣ್ಣು

ಮೊಳಕೆಗೆ ಇಟ್ಟ ದಿನವೇ ಮಡಿ ಅಗೆಯಲು ಶುರು ಮಾಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಬುಡ, ಬಾಳೆ ಪಕ್ಕ ಬೇಡ. ಹೋದ ವರ್ಷ ಟೊಮೇಟೊ, ಬದನೆ, ಮೆಣಸಿನಕಾಯಿ ಹಾಕಿದ ಜಾಗವೂ ಬೇಡ. ಎಲ್ಲವೂ ಒಂದೇ ಕುಟುಂಬದವು, ಒಂದರ ರೋಗ ಇನ್ನೊಂದಕ್ಕೆ ಕಾದಿರುತ್ತದೆ. ಹುರುಳಿ, ಅವರೆ, ರಾಗಿ, ಬೆಳ್ಳುಳ್ಳಿ ಬೆಳೆದ ಜಾಗ ಒಳ್ಳೆಯದು. ಚೆಂಡುಹೂ ಬೆಳೆದು ಕಿತ್ತ ಜಾಗ ಇನ್ನೂ ಒಳ್ಳೆಯದು, ಬೇರುಗಂಟು ಮಾಡುವ ಜಂತುಹುಳು ಅಲ್ಲಿ ಕಡಿಮೆಯಾಗಿರುತ್ತದೆ.

ಒಂದಡಿ ಆಳ ಅಗೆದು ಹೆಂಟೆ ಒಡೆಯಿರಿ. ಕಲ್ಲು ಆರಿಸಿ. ಕಲ್ಲಿಗೆ ತಾಗಿದ ಗಡ್ಡೆ ಸೊಟ್ಟಗಾಗುತ್ತದೆ. ನಮ್ಮ ಕೆಂಪು ಮಣ್ಣು ಆಲೂಗಡ್ಡೆಗೆ ಹೇಳಿ ಮಾಡಿಸಿದ್ದು. ಎರೆ ಮಣ್ಣಾದರೆ ಮರಳು, ಗೊಬ್ಬರ ಜಾಸ್ತಿ ಹಾಕಿ ಸಡಿಲ ಮಾಡಿಕೊಳ್ಳಬೇಕು.

ಗೊಬ್ಬರ: ಹತ್ತಡಿ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 25 ಕೆಜಿ, ಬೇವಿನ ಹಿಂಡಿ 2 ಕೆಜಿ. ಗೊಬ್ಬರ ಕಳಿತಿದೆಯೋ ಇಲ್ಲವೋ ನೋಡಲು ತಿಪ್ಪೆಯೊಳಗೆ ಕೈ ಹಾಕಿ. ಬಿಸಿ ಇದ್ದರೆ, ಸಗಣಿ ವಾಸನೆ ಇದ್ದರೆ ಇನ್ನೂ ಆಗಿಲ್ಲ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳ ಬರುತ್ತದೆ. ಬೆಳ್ಳಗೆ, ದಪ್ಪಗೆ, ಸುರುಳಿಯಾಗಿ ಮಲಗಿರುವ ಆ ಹುಳ ಗಡ್ಡೆಯಲ್ಲಿ ಗುಂಡಿ ತೋಡಿ ತಿನ್ನುತ್ತದೆ. ಗೊಬ್ಬರ ಹರಡುವಾಗಲೇ ಆರಿಸಿ ಕೋಳಿಗೆ ಹಾಕಿ.

ಒಲೆ ಬೂದಿ, ಸುಣ್ಣ ಹಾಕಬೇಡಿ. ಬೂದಿಯಲ್ಲಿ ಪೊಟ್ಯಾಶ್ ಇದೆ ನಿಜ, ಆದರೆ ಅದು ಮಣ್ಣಿನ ಹುಳಿ ತೆಗೆಯುತ್ತದೆ. ಹುಳಿ ಹೋದ ಮಣ್ಣಲ್ಲಿ ಗಡ್ಡೆಗೆ ಕಜ್ಜಿ ರೋಗ ಬರುತ್ತದೆ, ಸಿಪ್ಪೆಯೆಲ್ಲ ಒರಟು ಚಕ್ಕೆ ಚಕ್ಕೆಯಾಗುತ್ತದೆ.

ರಾಸಾಯನಿಕ ಗೊಬ್ಬರ ಹಾಕುವವರು ನೆಡುವಾಗ 10:26:26 ಕಾಂಪ್ಲೆಕ್ಸ್ 350 ಗ್ರಾಂ ಹಾಕಿ. ಯೂರಿಯಾ ಆಮೇಲೆ ಗಿಡದ ಬುಡಕ್ಕೆ ಮಣ್ಣೇರಿಸುವಾಗ (ಹಂತ 7) 80 ಗ್ರಾಂ, ಅಷ್ಟೇ. ಅದಕ್ಕಿಂತ ಮೇಲೆ ಬೀಳುವ ಪ್ರತಿ ಹಿಡಿ ಯೂರಿಯಾ ಗಡ್ಡೆ ಕಟ್ಟುವುದನ್ನು ಮುಂದಕ್ಕೆ ತಳ್ಳುತ್ತದೆ. ಬೇಡ ಅನ್ನುವವರು ಸುಮ್ನೆ ಬಿಡಬಹುದು. ಗೊಬ್ಬರ, ಹಿಂಡಿ ಸರಿಯಾಗಿ ಬಿದ್ದಿದ್ದರೆ ಮನೆಗೆ ಸಾಕಾಗುವಷ್ಟು ಬರುತ್ತದೆ.

ಹಂತ 5: ನೆಡುವುದು

ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿ. ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಆ ಹದ ಇಲ್ಲದಿದ್ದರೆ ಎರಡು ದಿನ ಮೊದಲು ನೀರು ಕೊಟ್ಟು ಹದ ಬರಿಸಿ. ನೆಟ್ಟ ಮೇಲೆ ನೀರು ಹರಿಸುವುದಲ್ಲ.

ಹಗ್ಗ ಕಟ್ಟಿ ಎರಡಡಿಗೊಂದು ಸಾಲು ತೆಗೆಯಿರಿ. ಹತ್ತಡಿಗೆ ಐದು ಸಾಲು. ಸಾಲಿನೊಳಗೆ ಗಡ್ಡೆಯಿಂದ ಗಡ್ಡೆಗೆ ಎಂಟು ಇಂಚು. ಒಂದೂವರೆ ಅಡಿಗೇ ಸಾಲು ಮಾಡಿದರೆ ಗಿಡ ಜಾಸ್ತಿ ಕೂರುತ್ತದೆ ಅನ್ನಿಸಬಹುದು. ಆದರೆ ಆಮೇಲೆ ಮಣ್ಣೇರಿಸಲು ಮಣ್ಣೇ ಇರುವುದಿಲ್ಲ. ಎರಡಡಿ ಬಿಡುವುದು ಗಿಡಕ್ಕಲ್ಲ, ಮಣ್ಣಿಗೆ.

ಮೂರು ಇಂಚು ಆಳದಲ್ಲಿ, ಮೊಳಕೆ ಮೇಲಾಗಿ ಇಟ್ಟು, ಮೇಲೆ ಸಡಿಲ ಮಣ್ಣು ಎಳೆಯಿರಿ. ಕಾಂಪ್ಲೆಕ್ಸ್ ಗೊಬ್ಬರ ಗಡ್ಡೆಗೆ ನೇರ ತಗುಲದ ಹಾಗೆ ಪಕ್ಕಕ್ಕೆ ಎರಡು ಇಂಚು ದೂರ ಬೀಳಲಿ. ಕಾಲಲ್ಲಿ ತುಳಿದು ಗಟ್ಟಿ ಮಾಡಬೇಡಿ.

ಹಂತ 6: ನೀರು

ಗಿಡ ಮೇಲೆ ಬರುವವರೆಗೆ, ಅಂದರೆ ಹತ್ತರಿಂದ ಇಪ್ಪತ್ತು ದಿನ, ಮಣ್ಣು ಒಣಗಿ ಬಿರುಕು ಬಿಡುವ ಹಾಗಾದರೆ ಮಾತ್ರ ಹೂಜಲ್ಲಿಯಲ್ಲಿ ತೆಳ್ಳಗೆ ನೀರು. ಬೀಜ ಕೊಳೆಯಿತು ಅನ್ನುವ ಮುಕ್ಕಾಲು ಜನ ಈ ದಿನಗಳಲ್ಲೇ ದಿನಾ ನೀರು ಹಾಕಿರುತ್ತಾರೆ. ಮೊಳೆಯುತ್ತಿರುವ ಗಡ್ಡೆಯೊಳಗೇ ಅದಕ್ಕೆ ಬೇಕಾದ ನೀರು ಇದೆ.

ನಾಲ್ಕನೇ ವಾರದಿಂದ ಮಾತು ಬೇರೆ. ಎಳೆ ಬಳ್ಳಿ ಹರಿದು ಗಡ್ಡೆ ಕಟ್ಟಲು ಶುರುವಾಗುವ ಹೊತ್ತು ಅದು. ಈಗ ಒಮ್ಮೆ ಒಣಗಿಸಿದರೂ ಗಡ್ಡೆಯ ಸಂಖ್ಯೆ ಕಡಿಮೆಯಾಗುತ್ತದೆ. ಕೆಂಪು ಮಣ್ಣಲ್ಲಿ ವಾರಕ್ಕೊಮ್ಮೆ, ಬಿಸಿಲು ಜೋರಿದ್ದರೆ ಐದು ದಿನಕ್ಕೊಮ್ಮೆ. ಸಾಲಿನ ಮಧ್ಯೆ ಇರುವ ಕಾಲುವೆಯಲ್ಲಿ ನೀರು ಹರಿಯಲಿ, ಏರಿಯ, ಅಂದರೆ ಗಿಡದ ಸಾಲಿಗೆ ಎಳೆದ ಮಣ್ಣಿನ ದಿಬ್ಬದ, ಅರ್ಧದಷ್ಟು ಮಾತ್ರ ಏರಲಿ. ಏರಿಯ ತಲೆ ಎಂದೂ ಮುಳುಗಬಾರದು.

ಹದಿನೈದು ದಿನ ಒಣಗಿಸಿ ಒಮ್ಮೆಲೇ ಜೋರು ನೀರು ಕೊಟ್ಟರೆ ಗಡ್ಡೆ ಸೀಳುತ್ತದೆ, ಇಲ್ಲವೇ ಗಡ್ಡೆಯ ಮೈಮೇಲೆ ಇನ್ನೊಂದು ಗುಬುಟು ಬರುತ್ತದೆ. ಒಳಗೆ ಪೊಳ್ಳಾಗುವುದೂ ಉಂಟು. ಶುಂಠಿ ಹಾಗೆ ಸೊಟ್ಟ ಗಡ್ಡೆ ಬಂತು ಅಂತ ತೋರಿಸಿದರೆ ನಾನು ಮೊದಲು ಕೇಳುವುದು ನೀರಿನ ಬಗ್ಗೆಯೇ. ಕೀಳುವ ಎರಡು ವಾರ ಮೊದಲು ನೀರು ಪೂರ್ತಿ ನಿಲ್ಲಿಸಿ.

ಹಂತ 7: ಮಣ್ಣೇರಿಸುವುದು

ಇಷ್ಟೆಲ್ಲ ಸರಿ ಮಾಡಿ ಇದೊಂದನ್ನು ಬಿಟ್ಟರೆ ಫಸಲು ಅರ್ಧಕ್ಕಿಳಿಯಬಹುದು.

ಗಿಡ ಗೇಣುದ್ದ ಬಂದಾಗ, ನೆಟ್ಟು 25ರಿಂದ 30 ದಿನಕ್ಕೆ, ಮೊದಲ ಸಲ. ಮೊದಲು ಕಳೆ ತೆಗೆಯಿರಿ. ಯೂರಿಯಾ ಹಾಕುವುದಾದರೆ ಗಿಡದಿಂದ ಒಂದು ಗೇಣು ದೂರ ಸಾಲಾಗಿ ಉದುರಿಸಿ. ಆಮೇಲೆ ಎರಡೂ ಕಡೆಯ ಕಾಲುವೆಯಿಂದ ಗುದ್ದಲಿಯಲ್ಲಿ ಮಣ್ಣು ಎಳೆದು ಕಾಂಡದ ಕೆಳ ಅರ್ಧ ಮುಚ್ಚಿ. ಕೆಳಗಿನ ಎರಡು ಮೂರು ಎಲೆ ಮಣ್ಣಲ್ಲಿ ಹೋದರೆ ಪರವಾಗಿಲ್ಲ. ಗುದ್ದಲಿ ಗಿಡದ ಹತ್ತಿರ ಆಳಕ್ಕೆ ಇಳಿಯಬಾರದು. ಬುಡದ ಮಣ್ಣನ್ನು ಬೆರಳಲ್ಲಿ ಸ್ವಲ್ಪ ಸರಿಸಿ ನೋಡಿ, ಬೆಳ್ಳಗಿನ ಬಳ್ಳಿ ಅಡ್ಡಕ್ಕೆ ಹೊರಟಿರುವುದು ಕಾಣುತ್ತದೆ. ತುದಿಯಲ್ಲಿ ಕೊಕ್ಕೆ ಬಾಗಿ ಕಡಲೆಕಾಳಿನಷ್ಟು ಊದಿಕೊಂಡಿರುತ್ತದೆ. ಅದು ಕಡಿದರೆ ಒಂದು ಗಡ್ಡೆ ಹೋಯಿತು ಅಂತಲೇ ಲೆಕ್ಕ. ನೋಡಿದ ಕೂಡಲೇ ಮುಚ್ಚಿ.

ಎರಡನೇ ಸಲ ಎರಡು ವಾರ ಬಿಟ್ಟು. ಈ ಸಲ ಏರಿ ಒಂಬತ್ತು ಹತ್ತು ಇಂಚು ಎತ್ತರವಾಗಬೇಕು, ತಲೆ ಅಗಲವಾಗಿರಬೇಕು. ಚೂಪಾಗಿ ಗೋಪುರದಂತೆ ಮಾಡಿದರೆ ಒಂದೇ ಮಳೆಗೆ ಇಳಿದು ಹೋಗುತ್ತದೆ. ಮೇಲೆ ಒಣ ಹುಲ್ಲು, ಅವರೆ ಹೊಟ್ಟು ಹೊದಿಸಿದರೆ ಮಣ್ಣು ತಂಪಾಗಿರುತ್ತದೆ.

ಆಮೇಲೆ ಪ್ರತಿ ನೀರಿನ ನಂತರ ಏರಿ ನೋಡುತ್ತಿರಿ. ಬಿರುಕು ಬಿಟ್ಟಿದ್ದರೆ ಒಳಗೆ ಗಡ್ಡೆ ದಪ್ಪವಾಗುತ್ತಿದೆ ಅಂತ ಅರ್ಥ. ಸಂತೋಷ, ಆದರೆ ಆ ಬಿರುಕನ್ನು ಅವತ್ತೇ ಮುಚ್ಚಿ. ಬಿರುಕಿನಿಂದ ಬೆಳಕು ಹೋದರೆ ಗಡ್ಡೆ ಹಸಿರಾಗುತ್ತದೆ. ಹಸಿರು ಗಡ್ಡೆಯಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಗಡ್ಡೆ ಕೊರೆಯುವ ಪತಂಗ ಮೊಟ್ಟೆ ಇಡಲು ಇಳಿಯುವುದೂ ಅದೇ ಬಿರುಕಿನಿಂದ.

ಹೂ ಬರಲಿಲ್ಲ ಅಂತ ಗಾಬರಿ ಬೇಡ. ಹೂವಿಗೂ ಗಡ್ಡೆಗೂ ಲೆಕ್ಕವಿಲ್ಲ. ಹೂ ಬಂದು ಟೊಮೇಟೊದಂಥ ಸಣ್ಣ ಹಸಿರು ಕಾಯಿ ಬಿಟ್ಟರೆ ಮಕ್ಕಳ ಕೈಗೆ ಸಿಗದಂತೆ ಕಿತ್ತು ಹಾಕಿ. ಆ ಕಾಯಿ ವಿಷ.

ಚೀಲದಲ್ಲಿ ಬೆಳೆಯುವವರಿಗೆ

ಜಾಗ ಇಲ್ಲದವರು 15 ಲೀಟರ್ ಪೇಂಟ್ ಡಬ್ಬ ಅಥವಾ ಗೋಣಿಚೀಲದಲ್ಲಿ ಎರಡು ಬೀಜ ಹಾಕಬಹುದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ತಳಕ್ಕೆ ತೂತು. ಮೊದಲು ಅರ್ಧ ತುಂಬಿ ನೆಟ್ಟು, ಗಿಡ ಬಂದ ಹಾಗೆ ಉಳಿದದ್ದು ತುಂಬಿ. ಮೂರಡಿ ಚೀಲ ಪೂರ್ತಿ ತುಂಬಿದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಬರುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ. ನಮ್ಮಲ್ಲಿ ಸಿಗುವ ತಳಿಗಳು ಬುಡದ ಒಂದು ಪದರದಲ್ಲೇ ಗಡ್ಡೆ ಕಟ್ಟುತ್ತವೆ. ಕಪ್ಪು ಚೀಲ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಸುತ್ತ ಗೋಣಿ ಸುತ್ತಿ.

ಹಂತ 8: ಅಪಾಯದ ಸೂಚನೆಗಳು

ಅಂಗಮಾರಿ: ಮಂಜು ಬೀಳುವ ಬೆಳಗ್ಗೆ, ಮೋಡ ಕವಿದ ದಿನಗಳಲ್ಲಿ ಬರುತ್ತದೆ. ಎಲೆಯ ತುದಿ, ಅಂಚಿನಲ್ಲಿ ನೀರಲ್ಲಿ ನೆನೆದಂಥ ಮಚ್ಚೆ, ನಂತರ ಕಪ್ಪು. ಬೆಳಗ್ಗೆ ಎಲೆ ಮಗುಚಿ ನೋಡಿ. ಮಚ್ಚೆಯ ಸುತ್ತ ಬಿಳಿ ಬೂಷ್ಟು ಇದ್ದರೆ ಅನುಮಾನವೇ ಬೇಡ. ಐದಾರು ದಿನದಲ್ಲಿ ಇಡೀ ಮಡಿ ಸುಟ್ಟ ಹಾಗಾಗುತ್ತದೆ. ಅದಕ್ಕೆ ಮೊದಲೇ, ಮೋಡ ಕಂಡ ಕೂಡಲೇ ಲೀಟರ್‌ಗೆ 2 ಗ್ರಾಂ ಮ್ಯಾಂಕೋಜೆಬ್ ಎಲೆಯ ಅಡಿಗೂ ತಗುಲುವ ಹಾಗೆ ಹೊಡೆಯಿರಿ. ರೋಗ ಕಾಣಿಸಿಕೊಂಡ ಮೇಲೆ ಅದೊಂದೇ ಸಾಲದು, ಸೈಮಾಕ್ಸನಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಔಷಧಿ ಲೀಟರ್‌ಗೆ 3 ಗ್ರಾಂ ಬೇಕು. ಕೀಳಲು ಎಷ್ಟು ದಿನ ಬಿಡಬೇಕು ಅಂತ ಪೊಟ್ಟಣದ ಮೇಲೆ ಇರುತ್ತದೆ. ತಮಿಳು ಓದಲು ಬಾರದಿದ್ದರೆ ಅಂಗಡಿಯವರಿಂದ ಓದಿಸಿಕೊಂಡೇ ಬನ್ನಿ. ರೋಗ ಬಂದ ಸೊಪ್ಪನ್ನು ತಿಪ್ಪೆಗೆ ಹಾಕದೆ ದೂರದಲ್ಲಿ ಹೂಳಿ. ಪಕ್ಕದಲ್ಲಿ ಟೊಮೇಟೊ ಇದ್ದರೆ ಅದಕ್ಕೂ ಹೊಡೆಯಲೇಬೇಕು.

ಸೊರಗು ರೋಗ: ಎಲೆ ಹಸಿರಾಗೇ ಇದ್ದು ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆ ಎದ್ದ ಹಾಗೆ ಕಾಣುತ್ತದೆ, ಎರಡು ದಿನಕ್ಕೆ ಬಿದ್ದೇ ಹೋಗುತ್ತದೆ. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ನೀರು ಕೊಡುತ್ತಾರೆ, ಆ ನೀರಲ್ಲೇ ರೋಗ ಪಕ್ಕದ ಗಿಡಕ್ಕೆ ಹೋಗುತ್ತದೆ. ಮೊದಲು ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥದ್ದು ಎಳೆ ಎಳೆಯಾಗಿ ಕೆಳಗಿಳಿದರೆ ಸೊರಗು ರೋಗವೇ. ಇದಕ್ಕೆ ಔಷಧಿ ಇಲ್ಲ. ಬುಡದ ಮಣ್ಣಿನ ಸಮೇತ ಕಿತ್ತು ತೆಗೆಯಿರಿ. ಆ ಜಾಗದಲ್ಲಿ ಮೂರು ವರ್ಷ ಆಲೂ, ಟೊಮೇಟೊ, ಬದನೆ ಬೇಡ.

ಎಲೆ ಮೇಲಕ್ಕೆ ಮಡಚಿ ದೋಣಿಯಾಗಿ, ಗಿಡ ಕುಳ್ಳಗೇ ನಿಂತರೆ ವೈರಸ್. ಕಿತ್ತು ಹಾಕಿ, ಹೇನು ಇದ್ದರೆ ಬೇವಿನೆಣ್ಣೆ ಸೋಪಿನ ನೀರು ಹೊಡೆಯಿರಿ. ಎಳೆ ಗಿಡ ರಾತ್ರೋರಾತ್ರಿ ಕತ್ತರಿಸಿ ಬಿದ್ದಿದ್ದರೆ ಕತ್ತರಿ ಹುಳು. ಬುಡದ ಮಣ್ಣು ಕೆದಕಿದರೆ ಅಲ್ಲೇ ಸುರುಳಿ ಸುತ್ತಿ ಸಿಗುತ್ತದೆ.

ಕಾಡಂಚಿನ ಮನೆಯವರಿಗೆ ಒಂದು ಮಾತು. ಕಾಡುಹಂದಿ, ಮುಳ್ಳುಹಂದಿಗೆ ಗಡ್ಡೆಯ ವಾಸನೆ ಬೇಗ ಸಿಗುತ್ತದೆ. ಮನೆಗೆ ಅಂಟಿಕೊಂಡ ಜಾಗವನ್ನೇ ಆರಿಸಿ, ಬುಡಕ್ಕೆ ಕಲ್ಲಿಟ್ಟು ಗಟ್ಟಿ ತಂತಿ ಬಲೆ ಕಟ್ಟಿ. ಮನೆ ಕರೆಂಟನ್ನು ಬೇಲಿಗೆ ಕೊಡುವುದು ಅಪರಾಧ. ಮನುಷ್ಯರೂ ಆನೆಗಳೂ ಅದರಿಂದ ಸತ್ತಿದ್ದಾರೆ. ದಯವಿಟ್ಟು ಆ ಯೋಚನೆಯನ್ನೇ ಮಾಡಬೇಡಿ.

ಹಂತ 9: ಕೀಳುವುದು

ಎಲೆ ತಾನಾಗಿ ಹಳದಿಗೆ ತಿರುಗಿ ಕಾಂಡ ಬಾಗಲು ಶುರುವಾದಾಗ ಒಂದು ಗಿಡದ ಪಕ್ಕ ಕೈ ಹಾಕಿ ಒಂದು ಗಡ್ಡೆ ತೆಗೆಯಿರಿ. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ. ಸಿಪ್ಪೆ ಸುಲಿದರೆ ಇನ್ನೂ ಬಲಿತಿಲ್ಲ. ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು ತೆಗೆದು, ಗಡ್ಡೆಯನ್ನು ಮಣ್ಣಲ್ಲೇ ಹತ್ತರಿಂದ ಹದಿನೈದು ದಿನ ಬಿಡಿ. ಸಿಪ್ಪೆ ಗಟ್ಟಿಯಾಗುತ್ತದೆ. ಈ ಕಾಯುವಿಕೆ ತಪ್ಪಿಸಿದವರ ಗಡ್ಡೆ ಹತ್ತು ದಿನ ಇಡಲಾಗುವುದಿಲ್ಲ.

ಮಣ್ಣು ಒಣಗಿರುವ ಬೆಳಗ್ಗೆ ಅಗೆಯಿರಿ. ಗುದ್ದಲಿ ಏರಿಯ ಹೊರ ಅಂಚಿನಿಂದ ಇಳಿದು ಒಳಕ್ಕೆ ಎತ್ತಬೇಕು, ನೆತ್ತಿಯ ಮೇಲಿನಿಂದ ಹೊಡೆಯಬಾರದು. ಏಟು ಬಿದ್ದ ಗಡ್ಡೆಗಳನ್ನು ಬೇರೆ ಇಟ್ಟು ಮೊದಲು ಅಡುಗೆಗೆ ಬಳಸಿ. ಕಿತ್ತ ರಾಶಿಯನ್ನು ಅಲ್ಲೇ ಸೊಪ್ಪು ಮುಚ್ಚಿ ರಾತ್ರಿ ಬಿಡಬೇಡಿ. ಪತಂಗಗಳು ಆ ಒಂದೇ ರಾತ್ರಿಯಲ್ಲಿ ಕಣ್ಣುಗಳಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ.

ಹಂತ 10: ಇಡುವುದು

ತೊಳೆಯಬೇಡಿ. ಮಣ್ಣು ಒಣಗಿ ತಾನೇ ಉದುರಲಿ. ನೆರಳಲ್ಲಿ ಗೋಣಿಯ ಮೇಲೆ ಒಂದು ವಾರ ತೆಳ್ಳಗೆ ಹರಡಿ, ಬೆಳಕು ಬೀಳದಂತೆ ಮೇಲೊಂದು ಗೋಣಿ ಹೊದಿಸಿ. ಆಮೇಲೆ ಗಾಳಿಯಾಡುವ ಕತ್ತಲ ಮೂಲೆಯಲ್ಲಿ ಮಂಕರಿಗೆ ತುಂಬಿ. ಈರುಳ್ಳಿ ಜೊತೆ ಬೇಡ, ಎರಡೂ ಬೇಗ ಕೆಡುತ್ತವೆ. ಕಾಡಂಚಲ್ಲಿ ಬೇಕಾದಷ್ಟಿರುವ ಲಂಟಾನದ ಎಲೆಯನ್ನು ಒಣಗಿಸಿ ಪುಡಿಮಾಡಿ, ಗಡ್ಡೆಯ ಕೆಳಗೆ ಮೇಲೆ ಒಂದಿಂಚು ದಪ್ಪ ಹರಡಿದರೆ ಪತಂಗ ಹತ್ತಿರ ಬರುವುದು ಕಡಿಮೆ. ಆ ಗಡ್ಡೆ ಅಡುಗೆಗೆ ತೆಗೆಯುವಾಗ ಚೆನ್ನಾಗಿ ತೊಳೆದು ಸಿಪ್ಪೆ ಹೆರೆಯಿರಿ. ವಾರಕ್ಕೊಮ್ಮೆ ಮಂಕರಿ ತಿರುವಿ, ಮೆತ್ತಗಾದದ್ದನ್ನು ತೆಗೆಯಿರಿ.

ಇದರಲ್ಲೇ ಬೀಜಕ್ಕೂ ಇಡೋಣ ಅಂತ ಆಸೆಯಾಗುತ್ತದೆ. ಫೆಬ್ರವರಿ ಕೊನೆಗೆ ಕಿತ್ತದ್ದು ಮನೆಯಲ್ಲಿ ನವೆಂಬರ್‌ವರೆಗೆ ನಿಲ್ಲುವುದಿಲ್ಲ. ಬೇಸಿಗೆಯಲ್ಲೇ ಮೊಳೆತು ಸುಕ್ಕುಗಟ್ಟುತ್ತದೆ. ಜೂನ್‌ಗೆ ಮುಂಗಾರಿನಲ್ಲಿ ಹಾಕುವವರು ಮಾತ್ರ, ಒಂದೂ ರೋಗ ಕಾಣದ ಗಿಡಗಳಿಗೆ ಬೆಳೆ ನಿಂತಿರುವಾಗಲೇ ಕಡ್ಡಿ ನೆಟ್ಟು ಗುರುತು ಮಾಡಿ, ಅವುಗಳ ಗಡ್ಡೆಯನ್ನು ಬೇರೆ ಎತ್ತಿಡಬಹುದು. ಉಳಿದವರು ಅಕ್ಟೋಬರ್ ಮೊದಲ ವಾರದಲ್ಲೇ ಹೊಸ ಬಿತ್ತನೆಗೆ ವಿಚಾರಿಸಿ ಇಟ್ಟುಕೊಳ್ಳಿ. ದೀಪಾವಳಿ ಹತ್ತಿರ ಬಂದ ಮೇಲೆ ಒಳ್ಳೆ ಗಾತ್ರದ್ದು ಸಿಗುವುದು ಕಷ್ಟ.